ಕುದುರೆ ಬಿಟ್ಟುಕೊಟ್ಟ ಸವಾರ

ಕೇಳುಗರಿಗೆ ನಮಸ್ಕಾರ.

1842ರ ಜನವರಿ 13. ಅಫ್ಘಾನಿಸ್ತಾನದ ಜಲಾಲಾಬಾದ್ ಕೋಟೆಯ ಮೇಲಿದ್ದವರಿಗೆ ದೂರದಲ್ಲಿ ಒಂದು ಬಡಕಲು ಕುದುರೆ ಕಂಡಿತು. ಮೇಲೆ ಗಾಯಗೊಂಡ ಡಾಕ್ಟರ್ ವಿಲಿಯಂ ಬ್ರೈಡನ್. ಕಾಬೂಲಿನಿಂದ ಹೊರಟ ಬ್ರಿಟಿಷ್ ದಂಡಿನಲ್ಲಿ ಬದುಕಿದವನು ಇವನೊಬ್ಬನೇ ಅಂತ ನೀವೂ ಕೇಳಿರಬಹುದು. ಅದು ಪೂರ್ತಿ ನಿಜವಲ್ಲ.

ಹೊರಟವರು ಸುಮಾರು 16,000 ಜನ. ಸೈನಿಕರು 4,500. ಅವರಲ್ಲಿ ಬಿಳಿಯರು 700ರಷ್ಟು, ಅಷ್ಟೇ. ಮಿಕ್ಕವರೆಲ್ಲ ನಮ್ಮ ದೇಶದ ಸಿಪಾಯಿಗಳು. ದಂಡಿನ ಹಿಂದೆ ಅಡುಗೆಯವರು, ನೀರು ಹೊರುವವರು, ಹೆಂಗಸರು, ಮಕ್ಕಳು.

ಕಾಬೂಲಿನ ಅಮೀರ ದೋಸ್ತ್ ಮೊಹಮ್ಮದನನ್ನು ಇಳಿಸಿ ಹಿಂದಿನ ದೊರೆ ಷಾ ಶುಜಾನನ್ನು ಪಟ್ಟಕ್ಕೆ ಕೂರಿಸಲು 1839ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಲ್ಲಿಗೆ ನುಗ್ಗಿತ್ತು. ರಷ್ಯಾದ ಭಯ ಅನ್ನೋದು ನೆಪವೋ ನಿಜವೋ, ಖರ್ಚಂತೂ ಜಾಸ್ತಿಯಾಯಿತು. ಕಣಿವೆಯ ದಾರಿ ಕಾಯುತ್ತಿದ್ದ ಘಿಲ್ಜಾಯಿ ಪಂಗಡದ ಮುಖಂಡರಿಗೆ ವರ್ಷಕ್ಕೆ 80,000 ರೂಪಾಯಿ ಹೋಗುತ್ತಿತ್ತು. 1841ರಲ್ಲಿ ಅದನ್ನು ಅರ್ಧ ಮಾಡಿದರು. ಉಳಿತಾಯವಂತೆ! ಘಿಲ್ಜಾಯಿಗಳು ದಾರಿ ಮುಚ್ಚಿದರು. ನವೆಂಬರಿನಲ್ಲಿ ಕಾಬೂಲೇ ತಿರುಗಿಬಿತ್ತು. ಬ್ರಿಟಿಷ್ ದಂಡಿನ ಮುದಿ ಜನರಲ್ ಎಲ್ಫಿನ್‌ಸ್ಟನ್, ದೋಸ್ತ್ ಮೊಹಮ್ಮದನ ಮಗ ಅಕ್ಬರ್ ಖಾನನ ಜತೆ ಒಪ್ಪಂದ ಮಾಡಿಕೊಂಡು ಜನವರಿ 6ರಂದು ಹೊರಟ.

ಮೊದಲ ರಾತ್ರಿ ಹಿಮದ ಮೇಲೇ ಮಲಗಬೇಕಾಯಿತು. ಬೆಂಕಿಗೆ ಸೌದೆಯಿಲ್ಲ. ಸಿಪಾಯಿಗಳು ತಮ್ಮ ಟೋಪಿ, ಬಟ್ಟೆಗಳನ್ನೇ ಸುಟ್ಟು ಮೈ ಕಾಯಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಎಷ್ಟೋ ಜನ ಮರಗಟ್ಟಿ ಸತ್ತಿದ್ದರು. ಮುಂದೆ ಖುರ್ದ್ ಕಾಬೂಲ್ ಕಣಿವೆ. ಎರಡೂ ಕಡೆ ಬೆಟ್ಟ, ಮೇಲೆ ಜೆಜೈಲ್ ಹಿಡಿದವರು. ಆ ಉದ್ದನೆಯ ಬಂದೂಕಿನ ಗುಂಡು ಕೆಳಗಿನವರ ಬಂದೂಕಿಗೆ ಎಟುಕದ ದೂರದಿಂದ ಬರುತ್ತಿತ್ತು. ಕೆಳಗಿದ್ದವರು ಏನು ತಾನೇ ಮಾಡಿಯಾರು?

ಬ್ರೈಡನ್ ತಲೆಗೆ ಕತ್ತಿಯೇಟು ಬಿತ್ತು. ಚಳಿಗೆಂದು ಟೋಪಿಯೊಳಗೆ ಒಂದು ಮಾಸಪತ್ರಿಕೆ ತುರುಕಿಕೊಂಡಿದ್ದರಿಂದ ತಲೆ ಉಳಿಯಿತು. ಕುದುರೆ ಕೊಟ್ಟವನು ಬೇರೆ. ಎದೆಗೆ ಗುಂಡು ಬಿದ್ದ ಒಬ್ಬ ಭಾರತೀಯ ಸವಾರ, ತಾನು ಇನ್ನು ಉಳಿಯುವುದಿಲ್ಲ ಅಂತ ಗೊತ್ತಾಗಿ, ತನ್ನ ಕುದುರೆಯನ್ನು ಇವನಿಗೆ ಬಿಟ್ಟುಕೊಟ್ಟ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಬ್ರೈಡನ್ ಮಾತ್ರ ಚಿತ್ರಪಟದಲ್ಲೂ ಇದ್ದಾನೆ.

ಉಳಿದವರು ಇನ್ನೂ ಇದ್ದರು. ಬ್ರಿಟಿಷ್ ಅಧಿಕಾರಿಗಳು, ಮೇಮ್‌ಸಾಹೇಬರು ಅಕ್ಬರ್ ಖಾನನ ಒತ್ತೆಯಾಳುಗಳಾಗಿ ಬದುಕಿದರು. ಸಿಪಾಯಿಗಳ ಗತಿ ಬೇರೆ. ಎಷ್ಟೋ ಜನ ಗುಲಾಮರಾಗಿ ಮಾರಾಟವಾದರು. ಹಿಮಕ್ಕೆ ಬೆರಳು, ಕಾಲು ಕಳೆದುಕೊಂಡವರು ಕಾಬೂಲಿನ ಬೀದಿಗಳಲ್ಲಿ ಭಿಕ್ಷೆ ಬೇಡಿದರು. ಸೆಪ್ಟೆಂಬರಿನಲ್ಲಿ ಸೇಡಿಗೆಂದು ಬಂದ ಬ್ರಿಟಿಷ್ ಜನರಲ್ ಪೊಲಾಕ್ ಕಾಬೂಲಿನ ದೊಡ್ಡ ಬಜಾರನ್ನು ಸುಡಿಸಿ ಹಿಂದಿರುಗಿದ.

ದೋಸ್ತ್ ಮೊಹಮ್ಮದ್? ಕಂಪನಿಯೇ ಅವನನ್ನು ಬಿಡುಗಡೆ ಮಾಡಿತು. 1843ರಲ್ಲಿ ಅವನು ಮತ್ತೆ ಅದೇ ಕಾಬೂಲಿನ ಅಮೀರ.