ಆತುರ ಯಾರದ್ದು?

ಕೇಳುಗರಿಗೆಲ್ಲ ನಮಸ್ಕಾರ.

ಮೊದಲ ಮನೆ ಕೊಳ್ಳಲು ಹೊರಟಾಗ ನನಗೆ ಬುದ್ಧಿ ಹೇಳಿದ್ದು ಒಂದು ಗೋಡೆ. ಗಾಳಿ, ಬೆಳಕು ಚೆನ್ನಾಗಿದ್ದ ಮನೆ. ನೋಡಿದ ಹತ್ತು ನಿಮಿಷಕ್ಕೇ ಮಂಚ ಎಲ್ಲಿ ಹಾಕೋದು, ಕಪಾಟು ಎಲ್ಲಿ ಇಡೋದು ಅಂತ ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಿದ್ದೆ. ಪಕ್ಕದಲ್ಲಿ ದಲ್ಲಾಳಿ. ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ ಮುಂಗಡ ಕೊಟ್ಟುಬಿಡಿ ಅಂದರು. ಕೊಡುವವನೇ ಇದ್ದೆ. ಆಗ ಕಣ್ಣಿಗೆ ಬಿತ್ತು: ಮಲಗುವ ಕೋಣೆಯ ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ. ಎರಡು ದಿನ ತಡೀರಿ ಅಂದೆ. ಮಳೆ ಬಂದ ಮರುದಿನ ಹೋಗಿ ಮುಟ್ಟಿದರೆ ಗೋಡೆ ಒದ್ದೆ.

ದಲ್ಲಾಳಿ ಮೇಲೆ ನನಗೇನೂ ಸಿಟ್ಟಿಲ್ಲ. ವ್ಯಾಪಾರ ಕುದುರಿದರೆ ಅವರಿಗೆ ಕಮಿಷನ್, ಕುದುರದಿದ್ದರೆ ಇಲ್ಲ. ಆತುರ ಅವರದ್ದು, ಅದನ್ನು ನಾನು ನನ್ನದು ಅಂದುಕೊಂಡಿದ್ದೆ, ಅಷ್ಟೇ.

ಮುಂಗಡವನ್ನು ಬಾಯಿಮಾತಿನ ಮೇಲೆ ಕೊಡಬೇಡಿ. ಬ್ಯಾಂಕ್ ಸಾಲ ಸಿಗದಿದ್ದರೆ, ಪತ್ರಗಳಲ್ಲಿ ತಕರಾರು ಕಂಡರೆ, ಇಷ್ಟು ದಿನದೊಳಗೆ ಹಣ ವಾಪಸ್ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಬರೆಯಲು ಮಾರುವವರು ಒಪ್ಪದಿದ್ದರೆ ಯಾಕೆ ಅಂತ ಕೇಳಿ, ಉತ್ತರಕ್ಕಿಂತ ಉತ್ತರ ಕೊಡುವ ಮುಖ ಜಾಸ್ತಿ ಹೇಳುತ್ತದೆ.

ತುಂಬಾ ಜನ ಒಂದು ಮಾತು ಹೇಳ್ತಾರೆ, ಬ್ಯಾಂಕೇ ಸಾಲ ಕೊಟ್ಟಿದೆ, ಇನ್ನೇನು ನೋಡೋದು ಅಂತ. ಬ್ಯಾಂಕ್ ನೋಡೋದು ತನ್ನ ಸಾಲ ವಾಪಸ್ ಬರುತ್ತಾ ಅಂತ. ನೀವು ಕಂತು ಕಟ್ಟದಿದ್ದರೆ ಮನೆ ಮಾರಿ ಹಣ ಎತ್ತಬಹುದಾ ಅನ್ನೋದು ಅದರ ಚಿಂತೆ. ಸೋರುವ ಪೈಪು, ಬಿರುಕು ಬಿಟ್ಟ ತೊಲೆ, ರಾತ್ರಿಯ ಗಲಾಟೆ ನಿಮ್ಮ ಚಿಂತೆ. ಅದಕ್ಕೆ ನೀವೇ ದುಡ್ಡು ಕೊಟ್ಟು ಒಬ್ಬ ಎಂಜಿನಿಯರ್‌ಗೆ ಮನೆ ತೋರಿಸಿ, ಪತ್ರಗಳನ್ನು ನಿಮ್ಮದೇ ವಕೀಲರ ಕೈಗೆ ಕೊಡಿ, ಮಾರುವವರು ಪರಿಚಯಿಸಿದ ವಕೀಲರ ಕೈಗಲ್ಲ. ಮಾರುವವರ ಹೆಸರಿಗೇ ಮನೆ ಇದೆಯಾ, ಪಾಲುದಾರರು ಬೇರೆ ಇದ್ದಾರಾ, ಅದರ ಮೇಲೆ ಹಳೆ ಸಾಲ ಇದೆಯಾ, ಕಟ್ಟಿದ್ದೆಲ್ಲ ಅನುಮತಿ ಪಡೆದೇ ಕಟ್ಟಿದ್ದಾ? ಅಸಲು ಪತ್ರ ಕೇಳಿದರೆ ಬರೀ ಜೆರಾಕ್ಸ್ ತೋರಿಸುತ್ತಿದ್ದರೆ, ಅಸಲು ಸಾಲ ಕೊಟ್ಟ ಯಾರದ್ದೋ ಹತ್ತಿರ ಅಡವು ಇರಬಹುದು.

ಇನ್ನು ಕಂತಿನ ಲೆಕ್ಕ. ಶೇಕಡ 9ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ, ಪಡೆದ ಪ್ರತಿ 100ಕ್ಕೆ ಕೊನೆಗೆ ಕಟ್ಟೋದು ಸುಮಾರು 216. ಬಡ್ಡಿ 8ರ ಬದಲು 10 ಆದರೆ ಎರಡೇ ತಾನೇ ಅನಿಸುತ್ತದೆ, ಆದರೆ ತಿಂಗಳ ಕಂತು ಶೇಕಡ 15ರಷ್ಟು ಏರುತ್ತದೆ. ಬದಲಾಗುವ ಬಡ್ಡಿಯ ಸಾಲವಾದರೆ ಈ ಏರಿಕೆಯನ್ನು ಈಗಲೇ ಲೆಕ್ಕ ಹಾಕಿ ನೋಡಿ. ನೋಂದಣಿ, ತೆರಿಗೆ, ವಕೀಲರ ಫೀಸು, ರಿಪೇರಿ, ಇವೆಲ್ಲ ಮನೆಯ ಬೆಲೆಯ ಹೊರಗೆ. ಕೂಡಿಟ್ಟದ್ದನ್ನೆಲ್ಲ ಮುಂಗಡಕ್ಕೇ ಸುರಿದು, ಬೀಗದ ಕೈ ಸಿಕ್ಕ ದಿನ ನಲ್ಲಿ ರಿಪೇರಿಗೂ ಸಾಲ ಕೇಳಿದವರನ್ನು ನಾನು ನೋಡಿದ್ದೇನೆ.

ಕೊನೆಯದಾಗಿ ಒಂದು, ಇತ್ತೀಚೆಗೆ ಬಂದ ಕಾಟ. ದೊಡ್ಡ ಮೊತ್ತ ಕಳಿಸುವ ಹಿಂದಿನ ದಿನ ವಕೀಲರ ಹೆಸರಿನಲ್ಲಿ ಇಮೇಲ್ ಬರುತ್ತದೆ, ನಮ್ಮ ಖಾತೆ ನಂಬರ್ ಬದಲಾಗಿದೆ, ಇದಕ್ಕೆ ಹಾಕಿ ಅಂತ. ಹೆಸರು, ಸಹಿ, ಮನೆ ವಿಳಾಸ ಎಲ್ಲ ಸರಿಯಾಗೇ ಇರುತ್ತದೆ, ಯಾಕೆಂದರೆ ಕಳ್ಳರು ಯಾರದ್ದೋ ಇಮೇಲ್ ಒಳಗೆ ಕೂತು ವಾರಗಟ್ಟಲೆ ಓದಿರುತ್ತಾರೆ. ಆ ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಅಲ್ಲಿ ಎತ್ತೋದು ಅವರೇ. ನೀವು ಮೊದಲ ದಿನ ಮುಖಾಮುಖಿ ಬರೆದುಕೊಂಡ ನಂಬರಿಗೆ ಮಾಡಿ, ಖಾತೆಯ ಒಂದೊಂದು ಅಂಕಿಯನ್ನೂ ವಕೀಲರ ಬಾಯಿಂದಲೇ ಹೇಳಿಸಿ, ಆಮೇಲೆ ಹಣ ಕಳಿಸಿ.

ನಮಸ್ಕಾರ.