ಕುರ್ಪಿ, ಬ್ಲೇಡು ಮಗಳ ಕೈಗೆ ಕೊಡಿ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಕೇಳುಗರೆಲ್ಲರಿಗೂ ಶರಣು. ಮನೆಯಲ್ಲಿ ಎಂಟೊಂಬತ್ತನೇ ಇಯತ್ತೆ ಓದುವ ಹುಡುಗಿ ಇದ್ದರೆ ಅವಳನ್ನೂ ರೇಡಿಯೊ ಹತ್ತಿರ ಕರೆಯಿರಿ. ನಾನು ಹೇಳುವುದು ಒಂದೇ ಮಾತು: ಪ್ರಯೋಗದ ಸಾಮಾನು ಹುಡುಗಿಯ ಕೈಗೆ ಕೊಡಿ. ಪ್ರಯೋಗ ಹುಡುಗರು ಮಾಡುವುದು, ಅಕ್ಷರ ದುಂಡಗಿದೆ ಅಂತ ರೆಕಾರ್ಡ್ ಹುಡುಗಿಯರು ಬರೆಯುವುದು, ಇದು ಇನ್ನು ಸಾಕು.

ವಿಜ್ಞಾನಿ ಕಮಲಾ ಸೊಹೋನಿ ಅವರ ವಿಷಯ ಕೇಳಿ. 1933ರಲ್ಲಿ ಮುಂಬಯಿಯಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೇ ಸೀಟು ಇಲ್ಲ ಅಂದರು. ಕಮಲಾ ಬಿಡಲಿಲ್ಲ. ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕಡೆಗೆ, ಒಂದು ವರ್ಷ ಕೆಲಸ ನೋಡಿ ಆಮೇಲೆ ಹೇಳುತ್ತೇವೆ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಅಲ್ಲಿ ಅವರು ಮಾಡಿದ್ದು ಹಾಲಿನ, ಬೇಳೆಕಾಳಿನ ಪ್ರೋಟೀನುಗಳ ಅಧ್ಯಯನ. ನಾವು ದಿನಾ ಉಣ್ಣುವ ಬೇಳೆ! 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಪ್ರಯೋಗಾಲಯದ ಬಾಗಿಲು ತೆರೆದದ್ದಷ್ಟೇ, ಮಿಕ್ಕದ್ದನ್ನು ಅವರೇ ಮಾಡಿ ತೋರಿಸಿದರು.

ಆ ಬೇಳೆಯ ಪ್ರೋಟೀನಿಗೆ ಸಾರಜನಕ ಬೇಕು. ಅದು ತೊಗರಿಗೆ ಎಲ್ಲಿಂದ ಬರುತ್ತದೆ ಅಂತ ನಿಮ್ಮ ಮಗಳೇ ನೋಡಲಿ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ, ಯೂರಿಯಾ ಹಾಕಿದ ಸಾಲಿನಿಂದ ಐದು ಗಿಡ, ಹಾಕದ ಸಾಲಿನಿಂದ ಐದು ಗಿಡ ತೆಗೆಯಲಿ. ನೋಡಬೇಕಾದ್ದು ಬೇರಿಗೆ ಕಟ್ಟಿದ ಸಣ್ಣ ಗಂಟುಗಳನ್ನು. ಹಿಡಿದು ಜಗ್ಗಬಾರದು. ಎರೆಮಣ್ಣು ಬಿಗಿಯಾಗಿ ಹಿಡಿದಿರುತ್ತದೆ, ಬೇರಿನ ಗಂಟುಗಳೆಲ್ಲ ಒಳಗೇ ಉದುರಿ, ಗಂಟೇ ಇಲ್ಲ ಅಂತ ತಪ್ಪು ಲೆಕ್ಕ ಬರುತ್ತದೆ. ನೆಲ ಹಸಿ ಇದ್ದಾಗ ಗಿಡದ ಸುತ್ತ ಗೇಣಗಲ ಕುರ್ಪಿಯಿಂದ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಯಿಟ್ಟು ಮೆಲ್ಲಗೆ ಅಲುಗಿಸಲಿ. ನಲ್ಲಿ ಕೆಳಗೆ ಹಿಡಿದರೂ ಗಂಟು ಉದುರುತ್ತವೆ.

ಎಣಿಸಿ, ಬ್ಲೇಡಿನಿಂದ ಒಂದೊಂದೇ ಸೀಳಲಿ. ಒಳಗೆ ಕೆಂಪು ಗುಲಾಬಿ ಬಣ್ಣ ಕಂಡರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್ ಬಳಗದ್ದೇ. ಒಳಗೆ ಬೆಳ್ಳಗೆ ಇಲ್ಲವೇ ಹಸಿರಾಗಿದ್ದರೆ ಕೆಲಸ ನಡೆದಿಲ್ಲ. ಯೂರಿಯಾ ಹೆಚ್ಚಾದರೆ ಗಂಟು ಕಡಿಮೆ ಕಟ್ಟುತ್ತವೆ, ಹೊಲದಲ್ಲಿ ನೀರು ನಿಂತರೂ ಹಾಗೇ. ಗಂಟನ್ನು ಉಗುರಿನಿಂದ ಬಿಡಿಸಲು ಬರದೆ ಬೇರೇ ಉಬ್ಬಿದ್ದರೆ ಅದು ಮಣ್ಣಿನಲ್ಲಿದ್ದು ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಬಾಧೆ, ಅದನ್ನು ಲೆಕ್ಕಕ್ಕೆ ಸೇರಿಸಬಾರದು.

ಅವಳಿಗೇನು ತಿಳಿಯುತ್ತದೆ ಅಂತ ಬ್ಲೇಡನ್ನು ಅಣ್ಣನಿಗೆ ಕೊಡಬೇಡಿ, ದಯವಿಟ್ಟು. ಕೈ ಕೊಯ್ದೀತು ಅನ್ನುವವರೇ ದಿನಾ ಅವಳ ಕೈಗೆ ಈಳಿಗೆ ಕೊಡುತ್ತೀರಲ್ಲ!

ಸಮಯ ಮುಗಿಯುತ್ತ ಬಂತು. ಗುರುಗಳಿಗೆ ಒಂದು ಬಿನ್ನಹ: ನಾಲ್ಕು ಮಕ್ಕಳ ಗುಂಪು ಮಾಡಿ, ಪ್ರತಿ ಪ್ರಯೋಗಕ್ಕೂ ಉಪಕರಣ ಹಿಡಿಯುವವರು, ಬರೆಯುವವರು ಬದಲಾಗಲಿ. ಸೂಕ್ಷ್ಮದರ್ಶಕದ ಫೋಕಸ್ ಹುಡುಗಿಯೇ ತಿರುಗಿಸಲಿ, ಬೇರೆಯವರು ಹೊಂದಿಸಿಟ್ಟದ್ದನ್ನು ಇಣುಕಿ ನೋಡುವುದಲ್ಲ. ಪಿಯುಸಿಗೆ ವಿಜ್ಞಾನ ಬೇಕೋ ಬೇಡವೋ ಅಂತ ಕೇಳುವುದು ಅದಾದ ಮೇಲೆ. ನಮಸ್ಕಾರ.