ಭಾಷಣ ಮುಗಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಈ ವರ್ಷ ಯಾವ ಯಾವ ಕಾನೂನು ತರುತ್ತೇವೆ ಅಂತ ಸರ್ಕಾರ ಹೇಳುವ ದಿನ ಒಂದಿರುತ್ತದೆ. ಭಾಷಣ ಮುಗಿದ ಕೂಡಲೇ ಟಿವಿಯವರು ಮೈಕ್ ಹಿಡಿದು ಬೀದಿಗೆ ಬರುತ್ತಾರೆ. ಪಿಂಚಣಿ ನಂಬಿಕೊಂಡ ಹಿರಿಯರು, ನರ್ಸ್, ಕಾಲೇಜು ಹುಡುಗಿ, ಅಂಗಡಿಯವರು, ಎಲ್ಲರನ್ನೂ ಕೇಳುತ್ತಾರೆ. ‘ನಮಗೇನು ಕೊಟ್ಟರು?’ ಅಂತಾರೆ ಒಬ್ಬರು. ‘ಎಲ್ಲಾ ಬರೀ ಮಾತು’ ಅಂತಾರೆ ಇನ್ನೊಬ್ಬರು. ಮರುದಿನ ಯಾರೂ ಆ ಸುದ್ದಿ ಎತ್ತುವುದಿಲ್ಲ. ನನಗೆ ಬೇಸರವಾಗುವುದು ಇಲ್ಲೇ. ಜನ ಬಾಯಿ ಬಿಡಬೇಕಾದ ಹೊತ್ತು ಬರುವುದೇ ಆಮೇಲೆ.

ಬ್ರಿಟನ್ನಿನ ಒಂದು ಕತೆ ಹೇಳುತ್ತೇನೆ. ಅಲ್ಲಿ ಸಂಸತ್ತಿನ ಹೊಸ ಅಧಿವೇಶನ ಶುರುವಾಗುವುದು ರಾಜರ ಭಾಷಣದಿಂದ. ಕಿರೀಟ ತೊಟ್ಟು ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುಳಿತು ಓದುವವರು ರಾಜರು. ಬರೆದುಕೊಡುವುದು ಮಾತ್ರ ಸರ್ಕಾರ. ಒಂದೊಂದು ಮಸೂದೆಗೆ ಒಂದೆರಡು ಸಾಲು, ಅಷ್ಟೇ. ಅದರ ಜೊತೆಗೆ ಸರ್ಕಾರ ಮಸೂದೆಗಳ ಪಟ್ಟಿಯನ್ನೂ ಹೊರಡಿಸುತ್ತದೆ.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯವರಿಗೆ ಸೆಕ್ಷನ್ 21 ಅಂದರೆ ಭಯ ಇತ್ತು. 1988ರ ಕಾನೂನಿನದು ಅದು. ಬಾಡಿಗೆಯ ಕರಾರು ಮುಗಿದಿದ್ದರೆ ಸಾಕು, ಮಾಲೀಕ ಕಾರಣವನ್ನೇ ಹೇಳದೆ ಎರಡು ತಿಂಗಳ ನೋಟಿಸ್ ಕೊಟ್ಟು ಮನೆ ಬಿಡಿಸಬಹುದಿತ್ತು. ಬಾಡಿಗೆ ಸರಿಯಾಗಿ ಕಟ್ಟಿದ್ದರೂ ಅಷ್ಟೇ. ಗೋಡೆ ಸೋರುತ್ತಿದೆ, ರಿಪೇರಿ ಮಾಡಿಸಿ ಅಂತ ಕೇಳೋಕೂ ಜನ ಹೆದರುತ್ತಿದ್ದರು. ಕೇಳಿದರೆ ನೋಟಿಸ್ ಬಂದೀತು, ಅಲ್ವಾ?

ಇದನ್ನು ತೆಗೆಯುತ್ತೇವೆ ಅಂತ ಸರ್ಕಾರ ಮಾತು ಕೊಟ್ಟಿದ್ದು 2019ರ ಏಪ್ರಿಲ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ರಾಣಿಯ ಭಾಷಣದ ಪಟ್ಟಿಗೆ ಬಂತು. 2022ರ ಪಟ್ಟಿಯಲ್ಲಿ ಮತ್ತೆ ಬಂತು. ಮಸೂದೆ ಸಂಸತ್ತಿನ ಮುಂದೆ ಬರುವ ಹೊತ್ತಿಗೆ 2023ರ ಮೇ. ಅದೇ ನವೆಂಬರ್‌ನಲ್ಲಿ ಚಾರ್ಲ್ಸ್ ರಾಜರಾಗಿ ಮೊದಲ ಭಾಷಣ ಓದಿದಾಗಲೂ ಬಾಡಿಗೆದಾರರ ಮಾತು ಇತ್ತು. 2024ರಲ್ಲಿ ಚುನಾವಣೆ ಬಂತು, ಮಸೂದೆ ಅಲ್ಲಿಗೇ ಬಿದ್ದುಹೋಯಿತು. ಹೊಸ ಸರ್ಕಾರ ಜುಲೈ 17ರ ಭಾಷಣದಲ್ಲಿ ಪುನಃ ಸೇರಿಸಿತು. ಕೊನೆಗೆ ರಾಜರ ಒಪ್ಪಿಗೆ ಸಿಕ್ಕಿದ್ದು 2025ರ ಅಕ್ಟೋಬರ್ 27ಕ್ಕೆ. ಆರೂವರೆ ವರ್ಷ, ಐದು ಪ್ರಧಾನಿಗಳು! ಅಷ್ಟು ದಿನ ಗಂಟುಮೂಟೆ ಕಟ್ಟಿ ಮನೆ ಮನೆ ಅಲೆದವರನ್ನು ನೆನೆದರೆ ಸಂಕಟವಾಗುತ್ತದೆ.

ಆದರೆ ಆ ಆರೂವರೆ ವರ್ಷ ಜನ ಸುಮ್ನೆ ಕೂರಲಿಲ್ಲ. ಬಾಡಿಗೆದಾರರ ಸಂಘಗಳು ಬೆನ್ನು ಬಿಡಲಿಲ್ಲ. ಮಾಲೀಕರೂ ಮಾತಾಡಿದರು. ನಮ್ಮ ಮನೆ ನಮಗೇ ಬೇಕಾದಾಗ ಹೇಗೆ ವಾಪಸ್ ಪಡೆಯೋದು ಅಂತ ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಈಗಿನ ಕಾನೂನಿನಲ್ಲಿ ಅದಕ್ಕೆ ಉತ್ತರ ಇದೆ. ಮಾರಬೇಕು ಅಥವಾ ತಾನೇ ವಾಸಕ್ಕೆ ಬರಬೇಕು ಅಂದರೆ ಮಾಲೀಕ ಮನೆ ಕೇಳಬಹುದು. ಆದರೆ ನಾಲ್ಕು ತಿಂಗಳ ನೋಟಿಸ್ ಕೊಡಬೇಕು. ಬಾಡಿಗೆಗೆ ಬಂದವರನ್ನು ಮೊದಲ ಒಂದು ವರ್ಷ ಈ ಕಾರಣಕ್ಕೆ ಬಿಡಿಸುವ ಹಾಗಿಲ್ಲ. ಒಂದು ಸಂಸಾರದ ನೆಮ್ಮದಿ ನಿಂತಿರುವುದು ಇಂಥ ಸಣ್ಣ ಸಾಲುಗಳ ಮೇಲೆ. ಭಾಷಣದ ದಿನ ಇವು ಯಾರ ಕಿವಿಗೂ ಬೀಳುವುದಿಲ್ಲ.

ಅಲ್ಲಿ ಮನವಿಗೂ ಒಂದು ಲೆಕ್ಕ ಇದೆ. ಸಂಸತ್ತಿನ ವೆಬ್‌ಸೈಟಿನಲ್ಲಿ ಒಂದು ಮನವಿಗೆ 10,000 ಸಹಿ ಬಿದ್ದರೆ ಸರ್ಕಾರ ಉತ್ತರ ಕೊಡುತ್ತದೆ. 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ.

ನಮ್ಮಲ್ಲೂ ಈ ಪದ್ಧತಿ ಇದೆ. ಸಂವಿಧಾನದ 87ನೇ ವಿಧಿಯಂತೆ ವರ್ಷದ ಮೊದಲ ಅಧಿವೇಶನದಲ್ಲಿ ರಾಷ್ಟ್ರಪತಿ, 176ನೇ ವಿಧಿಯಂತೆ ರಾಜ್ಯಗಳಲ್ಲಿ ರಾಜ್ಯಪಾಲರು ಭಾಷಣ ಮಾಡುತ್ತಾರೆ. ನಾವು ಅರ್ಧ ಕೇಳಿ ಟಿವಿ ಆರಿಸುತ್ತೇವೆ. ಆಮೇಲೆ ಕರಡು ಮಸೂದೆ ಬಂದರೆ ನಮ್ಮ ಗಮನಕ್ಕೇ ಬರುವುದಿಲ್ಲ. ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅಂತ ಕೇಂದ್ರ ಸರ್ಕಾರವೇ 2014ರಲ್ಲಿ ನೀತಿ ಮಾಡಿದೆ. ಎಷ್ಟೋ ಸಲ ಅದು ಪಾಲನೆಯಾಗುವುದಿಲ್ಲ. ಯಾಕೆ ಇಡಲಿಲ್ಲ ಅಂತ ಕೇಳುವವರು ಜಾಸ್ತಿಯಾಗಬೇಕು.

ಇನ್ನೊಂದು ದಾರಿಯೂ ಇದೆ. ಮಸೂದೆ ಸಂಸತ್ತಿನ ಸಮಿತಿಗೆ ಹೋದಾಗ, ಸಲಹೆ ಕಳಿಸಿ ಅಂತ ಪತ್ರಿಕೆಗಳಲ್ಲಿ ಜಾಹೀರಾತು ಬರುವುದುಂಟು. ವಕೀಲರೇ ಬರೆಯಬೇಕು ಅಂತೇನಿಲ್ಲ. ಈ ಸಾಲಿನಿಂದ ನನಗೆ ಹೀಗೆ ತೊಂದರೆಯಾಗುತ್ತದೆ ಅಂತ ಯಾರು ಬೇಕಾದರೂ ಬರೆದು ಕಳಿಸಬಹುದು. ಆ ಜಾಹೀರಾತು ಕಣ್ಣಿಗೆ ಬಿದ್ದರೆ ಕತ್ತರಿಸಿ ಇಟ್ಟುಕೊಳ್ಳಿ. ವಿಳಾಸ, ಕೊನೆಯ ದಿನ ಎರಡೂ ಅದರಲ್ಲೇ ಇರುತ್ತವೆ.

ನಮಸ್ಕಾರ.